ಲಂಡನ್–ಸಿಡ್ನಿ: ದೂರ ಅಷ್ಟೇ, ದಿನಗಳು ಕರಗಿದವು

ಭೂಗೋಳದ ಮೇಲೆ ಲಂಡನ್ನಿನಿಂದ ಸಿಡ್ನಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ರಷ್ಯಾ, ಚೀನಾಗಳನ್ನು ಹಾದುಹೋಗುವ ಆ ದಾರದ ಅಳತೆ ಸುಮಾರು 17,000 ಕಿ.ಮೀ. ಹಳೆಯ ವಿಮಾನಗಳು ಈ ನೇರ ದಾರಿ ಹಿಡಿಯಲಿಲ್ಲ. ಅವಕ್ಕೆ ಹೆಜ್ಜೆಹೆಜ್ಜೆಗೂ ಇಂಧನ ಬೇಕಿತ್ತು. ಕರಾಚಿ, ಕಲ್ಕತ್ತ, ಸಿಂಗಪುರ ಎಂದು ಬ್ರಿಟಿಷರ ಆಳ್ವಿಕೆಯಿದ್ದ ಊರುಗಳಲ್ಲಿ ಇಳಿದಿಳಿದೇ ಸಾಗಿದವು.

1919ರಲ್ಲಿ ರಾಸ್ ಮತ್ತು ಕೀತ್ ಸ್ಮಿತ್ ಸೋದರರು ಇಬ್ಬರು ಮೆಕ್ಯಾನಿಕ್‌ಗಳ ಜೊತೆ ವಿಕರ್ಸ್ ವಿಮಿ ವಿಮಾನದಲ್ಲಿ ಲಂಡನ್ ಬಳಿಯಿಂದ ಹೊರಟು, ಆಸ್ಟ್ರೇಲಿಯಾದ ಡಾರ್ವಿನ್ ಮುಟ್ಟಿದ್ದು ಸುಮಾರು 28 ದಿನಗಳಿಗೆ. ಅದರಲ್ಲಿ ಹಾರಿದ ಸಮಯ 135 ಗಂಟೆ, ಅಂದರೆ ಆರು ದಿನವೂ ಇಲ್ಲ. ಮಿಕ್ಕಿದ್ದೆಲ್ಲ ನೆಲದ ಮೇಲೆ ಕಳೆದದ್ದು. ಮುಂದಿನ ನೂರು ವರ್ಷಗಳ ಕಥೆ, ನನ್ನ ದೃಷ್ಟಿಯಲ್ಲಿ, ನೆಲದ ಮೇಲಿನ ಈ ಕಾಯುವಿಕೆಯನ್ನು ಕಳೆದುಕೊಂಡ ಕಥೆಯೇ.

1935ರಲ್ಲಿ ಲಂಡನ್–ಬ್ರಿಸ್ಬೇನ್ ಪ್ರಯಾಣಿಕ ಸೇವೆ ಶುರುವಾದಾಗ ಹನ್ನೆರಡೂವರೆ ದಿನ ಬೇಕಿತ್ತು. ನಡುವೆ ಪ್ಯಾರಿಸ್‌ನಿಂದ ಇಟಲಿಯ ಬ್ರಿಂಡಿಸಿವರೆಗೆ ರೈಲು!

ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನಿನ ವಶವಾಗಿ ಈ ದಾರಿ ತುಂಡಾಯಿತು. ಆಗ ನಡೆದದ್ದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. 1943ರಿಂದ ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನಯಾನ ಸಂಸ್ಥೆಯ ಕ್ಯಾಟಲೀನಾ ಜಲವಿಮಾನಗಳು ಪರ್ತ್‌ನ ನದಿಯಿಂದ ಮೇಲೆದ್ದು, ಹಿಂದೂ ಮಹಾಸಾಗರವನ್ನು ಎಲ್ಲೂ ಇಳಿಯದೆ ದಾಟಿ, ಸಿಲೋನಿನ ಕೊಗ್ಗಲ ಸರೋವರದಲ್ಲಿ ಇಳಿಯುತ್ತಿದ್ದವು. ವೈರಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನ. ದಾರಿ ತೋರಿಸಲು ನಕ್ಷತ್ರಗಳು. ವಿಮಾನದ ಒಡಲೆಲ್ಲ ಇಂಧನವೇ ತುಂಬಿದ್ದರಿಂದ ಮೂವರು ಪ್ರಯಾಣಿಕರಿಗೆ, 69 ಕಿಲೋ ಅಂಚೆಗೆ ಮಾತ್ರ ಜಾಗ. ಅತಿ ದೀರ್ಘ ಹಾರಾಟಕ್ಕೆ 32 ಗಂಟೆ 9 ನಿಮಿಷ ಹಿಡಿಯಿತು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಂಡವರಿಗೆ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು.

1947ರ ಡಿಸೆಂಬರ್‌ನಲ್ಲಿ ಕಾನ್‌ಸ್ಟಲೇಷನ್ ವಿಮಾನ ಸಿಡ್ನಿಯಿಂದ ಲಂಡನ್ನಿಗೆ ನಾಲ್ಕು ದಿನದಲ್ಲಿ ತಲುಪಿತು. 1959ರಲ್ಲಿ ಬೋಯಿಂಗ್ 707 ಬಂದು ದಿನಗಳ ಲೆಕ್ಕ ಗಂಟೆಗಳ ಲೆಕ್ಕವಾಯಿತು. ವೇಗದ ಓಟ ಮುಗಿದದ್ದೂ ಅಲ್ಲಿಗೇ. ಇಂದಿಗೂ ಜೆಟ್‌ಗಳು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲೇ ಹಾರುತ್ತವೆ.

1989ರಲ್ಲಿ ಟಿಕೆಟ್ ಪ್ರಯಾಣಿಕರಿಲ್ಲದ ಒಂದು ಬೋಯಿಂಗ್ 747-400 ವಿಮಾನ ಲಂಡನ್ನಿನಿಂದ ಸಿಡ್ನಿಗೆ ಎಲ್ಲೂ ನಿಲ್ಲದೆ 20 ಗಂಟೆ 9 ನಿಮಿಷದಲ್ಲಿ ಬಂತು. ಮೂವತ್ತು ವರ್ಷಗಳ ಬಳಿಕ, 2019ರ ಪರೀಕ್ಷಾ ಹಾರಾಟ ತೆಗೆದುಕೊಂಡದ್ದು 19 ಗಂಟೆ 19 ನಿಮಿಷ. ಗಳಿಸಿದ್ದು ಐವತ್ತೇ ನಿಮಿಷ. ಈ ನಡುವೆ 2018ರಲ್ಲಿ ಪರ್ತ್–ಲಂಡನ್ ನೇರ ಸೇವೆ ಶುರುವಾಗಿ, ಸುಮಾರು 14,500 ಕಿ.ಮೀ. ದೂರ 17 ಗಂಟೆಗಳ ಒಂದೇ ಹಾರಾಟಕ್ಕೆ ಒಗ್ಗಿತು.

ಸಿಡ್ನಿ–ಲಂಡನ್ ನೇರ ಸೇವೆಗೆಂದು ಕ್ವಾಂಟಾಸ್ 2022ರಲ್ಲಿ ಹನ್ನೆರಡು ಎ350-1000 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಕ್ಯಾಟಲೀನಾಗಳ ನೆನಪಿಗೆ ಯೋಜನೆಯ ಹೆಸರು 'ಸನ್‌ರೈಸ್'. ಮುನ್ನೂರಕ್ಕೂ ಹೆಚ್ಚು ಜನ ಹಿಡಿಸುವ ಈ ವಿಮಾನದಲ್ಲಿ 238 ಆಸನಗಳಷ್ಟೇ. ಜೊತೆಗೆ 20,000 ಲೀಟರಿನ ಹೆಚ್ಚುವರಿ ಇಂಧನ ಟ್ಯಾಂಕ್. ಮೂವರನ್ನು ಮಾತ್ರ ಕೂರಿಸಿಕೊಂಡ ಕ್ಯಾಟಲೀನಾದ ಲೆಕ್ಕವೇ ಇಲ್ಲೂ ನಡೆದಿದೆ.