ತುಮಕೂರು ವಿಶ್ವವಿದ್ಯಾಲಯ: ರಾಜಕೀಯ ಹಸ್ತಕ್ಷೇಪ ಮತ್ತು ಅಧ್ಯಾಪಕರ ವಾಕ್‌ಸ್ವಾತಂತ್ರ್ಯ

ತುಮಕೂರು, ಗುಬ್ಬಿ, ಕುಣಿಗಲ್‌ನ ಪದವಿ ಕಾಲೇಜುಗಳು 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವ ತನಕ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ವಿಶ್ವವಿದ್ಯಾಲಯದಲ್ಲಿ ಎಚ್. ನರಸಿಂಹಯ್ಯನವರು 1972ರಿಂದ 1977ರವರೆಗೆ ಕುಲಪತಿಯಾಗಿದ್ದರು. 1976ರಲ್ಲಿ ಅವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ಉತ್ತರ ಬರಲಿಲ್ಲ, ಗದ್ದಲ ಮಾತ್ರ ಎದ್ದಿತು. ಅಂಥ ಧೈರ್ಯದ ಕುಲಪತಿಗಳು ಆಮೇಲೆ ಅಪರೂಪವಾದರು.

ಇದಕ್ಕೆ ಕಾರಣ ನೇಮಕದ ಹಾದಿಯಲ್ಲೇ ಇದೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಶೋಧನಾ ಸಮಿತಿ ಆರಿಸಿದ ಹೆಸರುಗಳು ಸರ್ಕಾರದ ಮೂಲಕ ರಾಜ್ಯಪಾಲರಿಗೆ ಹೋಗುತ್ತವೆ. ಕುಲಾಧಿಪತಿಯಾದ ಅವರು ಸರ್ಕಾರದ ಸಹಮತಿ ಪಡೆದು ಕುಲಪತಿಯನ್ನು ನೇಮಿಸುತ್ತಾರೆ. ಸಿಂಡಿಕೇಟ್‌ನಲ್ಲೂ ಸರ್ಕಾರದ ನಾಮನಿರ್ದೇಶಿತರು ಕೂರುತ್ತಾರೆ. ಜಾತಿ, ಪಕ್ಷದ ಲೆಕ್ಕಾಚಾರ ಒಳನುಗ್ಗಲು ಇಷ್ಟು ಬಾಗಿಲು ಸಾಕು. 2025ರ ಜನವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹೊರಡಿಸಿದ ಕರಡು ನಿಯಮಾವಳಿ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರವನ್ನು ಹೊರಗಿಟ್ಟಿತು. ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರನ್ನು ಸೇರಿಸಿ ಅದನ್ನು ವಿರೋಧಿಸಿತು. ಎರಡೂ ಕಡೆಯ ಜಗಳ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದರ ಬಗ್ಗೆಯೇ ಹೊರತು ಅಧ್ಯಾಪಕರ ಸ್ವಾತಂತ್ರ್ಯದ ಬಗ್ಗೆ ಅಲ್ಲ.

ತುಮಕೂರಿನಲ್ಲಿ ವಿವಾದ ಬೀದಿಗೆ ಬಂದದ್ದು 2022ರಲ್ಲಿ, ವಿಶ್ವವಿದ್ಯಾಲಯದಲ್ಲಿ ವಿ.ಡಿ. ಸಾವರ್ಕರ್ ಅಧ್ಯಯನ ಪೀಠ ತೆರೆಯುವ ಪ್ರಸ್ತಾವದಿಂದ. ವಿದ್ಯಾರ್ಥಿಗಳು ವಿರೋಧಿಸಿ ಪ್ರತಿಭಟಿಸಿದರು. ಸಾವರ್ಕರ್ ಕುರಿತ ಅಧ್ಯಯನ ತಪ್ಪಲ್ಲ. ಪೀಠ ಬೇಕೆಂಬ ಮಾತು ಆ ವಿಷಯ ಬಲ್ಲ ವಿಭಾಗದಿಂದ ಹುಟ್ಟಿತೋ, ಹೊರಗಿನಿಂದ ಬಂದಿತೋ ಎಂಬುದು ಮುಖ್ಯ.

ಪಠ್ಯದ ಮೇಲಿನ ಒತ್ತಡಕ್ಕೆ ಜಿಲ್ಲೆಯವರೇ ಆದ ಲೇಖಕರೊಬ್ಬರ ಉದಾಹರಣೆ ಇದೆ. ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪನವರ ಯುದ್ಧವಿರೋಧಿ ಬರಹವೊಂದು ಮಂಗಳೂರು ವಿಶ್ವವಿದ್ಯಾಲಯದ ಪದವಿ ಪಠ್ಯದಲ್ಲಿತ್ತು. ಅದು ಸೈನಿಕರಿಗೆ ಅವಮಾನ ಮಾಡುತ್ತದೆಂದು 2017ರಲ್ಲಿ ಗಲಾಟೆ ಎದ್ದಿತು, ಪಾಠ ಹೊರಬಿತ್ತು. ಮರುವರ್ಷ ಪಠ್ಯ ಆರಿಸಲು ಕೂತವರು ಅದನ್ನು ಮರೆತಿರಲಾರರು.

ಗುಬ್ಬಿ, ಕುಣಿಗಲ್‌ನಂಥ ಊರುಗಳ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಪರಿಸ್ಥಿತಿ ಇನ್ನೂ ಇಕ್ಕಟ್ಟಿನದು. ಕಾಯಂ ಅಧ್ಯಾಪಕರು ಸರ್ಕಾರಿ ನೌಕರರು. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದಕ್ಕೆ ನಡತೆ ನಿಯಮಗಳ ತಡೆಯಿದೆ. 1966ರ ನಿಯಮಗಳ ಜಾಗಕ್ಕೆ 2021ರಲ್ಲಿ ಹೊಸವು ಬಂದರೂ ಆ ತಡೆ ಉಳಿಯಿತು. ಅತಿಥಿ ಉಪನ್ಯಾಸಕರಿಗೆ ಅಷ್ಟು ನಿಯಮವೂ ಬೇಕಿಲ್ಲ. ವರ್ಷ ವರ್ಷವೂ ಕೆಲಸಕ್ಕೆ ಮತ್ತೆ ಅರ್ಜಿ ಹಾಕಬೇಕಾದವರು ಊರಿನ ಪುಢಾರಿಯ ಎದುರು ದನಿ ಎತ್ತುವ ಮುನ್ನ ಎರಡು ಸಲ ಯೋಚಿಸುತ್ತಾರೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ಬಹುಭಾರ ಹೊತ್ತವರು ಇವರೇ. ಸೇವಾ ಕಾಯಮಾತಿಗಾಗಿ ಇವರು 2023ರ ನವೆಂಬರ್‌ನಲ್ಲಿ ತರಗತಿ ಬಹಿಷ್ಕರಿಸಿದರು. 2024ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು.