ಜ್ವರವೂ ಹಣ್ಣೂ: ಚಿಕ್ಕಬಳ್ಳಾಪುರ ಸೀಮೆಯ ರೇಷ್ಮೆ ಹುಳು ಮತ್ತು ಹಾರ್ಮೋನಿನ ಚರಿತ್ರೆ

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ತಾಲ್ಲೂಕುಗಳ ರೇಷ್ಮೆ ಬೆಳೆಗಾರರ ಮಾತಿನಲ್ಲಿ ‘ಜ್ವರ’ ಎಂಬುದು ಕಾಯಿಲೆಯ ಹೆಸರಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಮೇಲೆತ್ತಿ, ಅಲುಗಾಡದೆ ನಿಂತು ಪೊರೆ ಕಳಚುವ ಸುಮಾರು ಒಂದು ದಿನದ ಅವಧಿಗೆ ಆ ಹೆಸರು ಸಲ್ಲುತ್ತದೆ. ಹುಳುವಿನ ಬಾಳಿನಲ್ಲಿ ನಾಲ್ಕು ಜ್ವರಗಳು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಏಳೆಂಟು ದಿನ ಹಗಲಿರುಳೆನ್ನದೆ ಮೇದು, ಮೈ ತಿಳಿಯಾಗಿ, ‘ಹಣ್ಣಾಗುತ್ತದೆ’. ಆಗ ಅದನ್ನು ಆಯ್ದು ಚಂದ್ರಿಕೆಗೆ ಬಿಡುವರು. ಈ ಕೊನೆಯ ಘಟ್ಟದಲ್ಲೂ ಹುಳು ಮೇವು ಬಿಡುತ್ತದೆ. ಗೂಡು ಕಟ್ಟಿದ ಮೇಲೆ ಒಳಗೆ ಮತ್ತೊಮ್ಮೆ ಪೊರೆ ಕಳಚುತ್ತದೆ. ಆದರೂ ಬೆಳೆಗಾರರು ಇದನ್ನು ಐದನೆಯ ಜ್ವರವೆಂದು ಎಣಿಸುವುದಿಲ್ಲ. ಜ್ವರ ಬೇರೆ, ಹಣ್ಣು ಬೇರೆ ಎಂಬ ಈ ವಿಂಗಡಣೆಯ ಅರ್ಥವೇನೆಂಬುದು ಇಲ್ಲಿನ ಪ್ರಶ್ನೆ.

ಮೈಸೂರು ಸೀಮೆಗೆ ರೇಷ್ಮೆ ಕೃಷಿ ನೆಲೆಯೂರಿದ್ದು 18ನೆಯ ಶತಮಾನದ ಉತ್ತರಾರ್ಧದಲ್ಲಿ, ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳು ತರಿಸಿದ ಮೇಲೆ ಎಂಬುದು ಸುವಿದಿತ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರ ಪ್ರದೇಶದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ಬಾವಿ, ಆಮೇಲೆ ಕೊಳವೆ ಬಾವಿಗಳ ನೀರಿನಲ್ಲೇ ಹಿಪ್ಪುನೇರಳೆ ಬೆಳೆಯಿತು. ಶಿಡ್ಲಘಟ್ಟ ಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಣಿಕೆಗೂ ಹೆಸರಾಯಿತು; ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ರೇಷ್ಮೆ ಕೃಷಿ ಮಹಾವಿದ್ಯಾಲಯವನ್ನೇ ತೆರೆಯಿತು.

ಹುಳು ಜ್ವರಕ್ಕೆ ಕೂತಿತೆಂದರೆ ಮನೆಯ ನಡವಳಿಕೆಯೇ ಬದಲಾಗುತ್ತದೆ. ಸೊಪ್ಪು ನಿಲ್ಲಿಸುವರು, ತಟ್ಟೆಯನ್ನು ಅಲುಗಿಸರು, ಹಾಸಿನ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ಹೀರಿಸುವರು. ಎಲ್ಲ ಹುಳುಗಳೂ ಎದ್ದ ಹೊರತು ಮೇವು ಹಾಕುವಂತಿಲ್ಲ. ಮೊದಲೆದ್ದವು ಮೇದು ಮುಂದೆ ಹೋದರೆ ಬೆಳೆ ಏರುಪೇರಾಗುತ್ತದೆ. ನಿಜವಾದ ರೋಗಗಳಿಗೆ ಬೇರೆಯೇ ಹೆಸರುಗಳಿವೆ: ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ. ಆದುದರಿಂದ ‘ಜ್ವರ’ ಎಂಬ ಬಳಕೆಯನ್ನು ರೋಗ-ಆರೋಗ್ಯಗಳ ಭೇದವರಿಯದವರ ಮುಗ್ಧ ಮಾತೆಂದು ತಿಳಿಯುವುದು ಸರಿಯಲ್ಲ. ಹುಳು ಮನೆಯ ಮಡಿ-ಮೈಲಿಗೆಗಳನ್ನೂ ಒಂದೇ ತೂಕದಲ್ಲಿ ತೂಗಲಾಗದು. ಚಪ್ಪಲಿ ಹೊರಗಿಡುವುದು, ಅಪರಿಚಿತರನ್ನು ತಡೆಯುವುದು ಸೋಂಕನ್ನು ದೂರವಿಟ್ಟಿತು. ಮುಟ್ಟಾದ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದಕ್ಕೆ ಅಂಥ ಸಮರ್ಥನೆಯಿಲ್ಲ. ಸೊಪ್ಪು ಕೊಯ್ದು, ಕತ್ತರಿಸಿ, ಹಿಕ್ಕೆ ತೆಗೆದು ಹುಳುವನ್ನು ಸಾಕಿದವರು ಬಹುಮಟ್ಟಿಗೆ ಅವರೇ.

ಕೀಟದ ಪೊರೆ ಕಳಚುವಿಕೆಗೆ ಮಿದುಳಿನಿಂದ ಹೊರಡುವ ರಸವೊಂದು ಕಾರಣವೆಂದು ಪೋಲೆಂಡಿನ ಸ್ಟೆಫಾನ್ ಕೊಪೆಚ್ 1917ರಿಂದ 1922ರ ನಡುವೆ ತೋರಿಸಿಕೊಟ್ಟನು. ಅವನು ಆರಿಸಿಕೊಂಡದ್ದು ಬೇರೊಂದು ಪತಂಗ. ರೇಷ್ಮೆ ಹುಳುವಿನಲ್ಲಿಯೇ, ಎದೆಯ ಮೊದಲ ಖಂಡದಲ್ಲಿರುವ ಜೋಡಿ ಗ್ರಂಥಿಗಳು ಪೊರೆ ಕಳಚಿಸುವ ಹಾರ್ಮೋನಿನ ನೆಲೆಯೆಂದು ಜಪಾನಿನ ಸೋಯಿಚಿ ಫುಕುದಾ 1940ರ ದಶಕದ ಆರಂಭದಲ್ಲಿ ನಿರ್ಧರಿಸಿದನು. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋಗ್ರಾಂ ರೇಷ್ಮೆ ಪ್ಯೂಪಗಳಿಂದ ಕೇವಲ 25 ಮಿಲಿಗ್ರಾಂ ಶುದ್ಧ ಹಾರ್ಮೋನನ್ನು ಹರಳುರೂಪದಲ್ಲಿ ಪಡೆದರು. ಅದೇ ಎಕ್ಡೈಸೋನ್. ಶಿಡ್ಲಘಟ್ಟದ ಬಿಚ್ಚಣಿಕೆ ಮನೆಗಳಲ್ಲಿ ನೂಲು ತೆಗೆದ ಮೇಲೆ ರಾಶಿ ಬೀಳುವುದು ಇಂಥದೇ ಪ್ಯೂಪ.

ಮಿದುಳಿನ ಹಾರ್ಮೋನು ಗ್ರಂಥಿಯನ್ನು ಎಬ್ಬಿಸುವ ಬಗೆಯಲ್ಲಿ ಕ್ಯಾಲ್ಸಿಯಂನ ಪಾತ್ರ ದೊಡ್ಡದು. ಜೀವಕೋಶದ ಒಳದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಹಾರ್ಮೋನು ಕೋಶದ ಹೊರಪೊರೆಗೆ ತಾಗಿದೊಡನೆ ಒಳಗಿನ ಉಗ್ರಾಣದಿಂದಲೂ ಹೊರಗಿನಿಂದಲೂ ಕ್ಯಾಲ್ಸಿಯಂ ನುಗ್ಗುತ್ತದೆ; ಆ ಏರಿಕೆಯೇ ಸಂದೇಶ. ತಂಬಾಕಿನ ಹುಳುವಿನಲ್ಲಿ 1980ರ ದಶಕದಿಂದಲೂ, ಮುಂದೆ ರೇಷ್ಮೆ ಹುಳುವಿನಲ್ಲೂ ನಡೆದ ಪ್ರಯೋಗಗಳು ಇದನ್ನು ಖಚಿತಪಡಿಸಿವೆ. (ತಟ್ಟೆಗೆ ಉದುರಿಸುವ ಸುಣ್ಣದಲ್ಲಿರುವುದೂ ಕ್ಯಾಲ್ಸಿಯಂ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ಅತಿಯಾದೀತು.) ಇದು ಹುಳುವಿಗೆ ಮಾತ್ರ ಮೀಸಲಾದ ವ್ಯವಸ್ಥೆಯಲ್ಲ. ಒಳ ಉಗ್ರಾಣದ ಬಾಗಿಲು ತೆರೆಯುವ ಕೀಲಿ ಇನೊಸಿಟಾಲ್ ಟ್ರೈಫಾಸ್ಫೇಟ್ ಎಂಬ ಅಣುವೆಂದು 1983ರಲ್ಲಿ ಸ್ಟ್ರೆಬ್, ಇರ್ವಿನ್, ಬೆರಿಜ್ ಮತ್ತು ಶುಲ್ಜ್ ತೋರಿಸಿದ್ದು ಇಲಿಯ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ. ಮನುಷ್ಯನು ಉಂಡಾಗ ಕರುಳಿನಿಂದ ಹೊರಡುವ ಕೊಲೆಸಿಸ್ಟೊಕೈನಿನ್ ಹಾರ್ಮೋನು ಆ ಗ್ರಂಥಿಯ ಕೋಶಗಳಲ್ಲಿ ಕ್ಯಾಲ್ಸಿಯಂ ಏರಿಸಿ ಜೀರ್ಣರಸ ಸುರಿಯುವಂತೆ ಮಾಡುವುದೂ ಇದೇ ಹಾದಿಯಲ್ಲಿ.

ಮೇದೋಜೀರಕ ಗ್ರಂಥಿಗೂ ರೇಷ್ಮೆ ಹುಳುವಿಗೂ ಇನ್ನೊಂದು ನಂಟು ಅನಿರೀಕ್ಷಿತವಾಗಿ ಹೊರಬಿತ್ತು. 1984ರಲ್ಲಿ ಜಪಾನಿನ ನಾಗಸಾವ, ಇಶಿಜಾಕಿ ಮತ್ತು ಸಂಗಡಿಗರು ರೇಷ್ಮೆ ಹುಳುವಿನ ತಲೆಗಳಿಂದ ಬೇರ್ಪಡಿಸಿದ ಹಾರ್ಮೋನಿನ ರಚನೆ ಇನ್ಸುಲಿನ್ನನ್ನು ಹೋಲುತ್ತಿತ್ತು. ಪೊರೆ ಕಳಚುವಿಕೆಗೆ ಆಜ್ಞೆ ಕೊಡುವ ಹಾರ್ಮೋನು ಅದೇ ಎಂದು ಮೊದಲು ಭಾವಿಸಲಾಗಿತ್ತು. ಎರಿ ರೇಷ್ಮೆ ಹುಳುವಿನ ಗ್ರಂಥಿಯನ್ನು ಎಬ್ಬಿಸಿದ ಅದು ತಾನು ಹುಟ್ಟಿದ ಹಿಪ್ಪುನೇರಳೆ ಹುಳುವಿನಲ್ಲಿ ಆ ಕೆಲಸ ಮಾಡಲಿಲ್ಲ. ಅದಕ್ಕೆ ಬಾಂಬಿಕ್ಸಿನ್ ಎಂದು ಬೇರೆ ಹೆಸರಾಯಿತು. ನಿಜವಾದ ಆಜ್ಞಾ ಹಾರ್ಮೋನಿನ ರಚನೆ 1990ರಲ್ಲಿ ಸ್ಪಷ್ಟವಾಯಿತು.

ಈಗ ಬೆಳೆಗಾರರ ವಿಂಗಡಣೆಗೆ ಮರಳಬಹುದು. ಜ್ವರದಲ್ಲಿ ಪೊರೆ ಬಿಡಿಸುವುದೂ ಎಕ್ಡೈಸೋನ್, ಹುಳುವನ್ನು ಹಣ್ಣಾಗಿಸುವುದೂ ಎಕ್ಡೈಸೋನ್. ವ್ಯತ್ಯಾಸ ತರುವುದು ಎಳೆತನವನ್ನು ಕಾಯ್ದಿಡುವ ಇನ್ನೊಂದು ಹಾರ್ಮೋನು. ಅದು ಮೈಯಲ್ಲಿರುವವರೆಗೆ ಹುಳು ಪೊರೆ ಕಳಚಿ ಮತ್ತೆ ಹುಳುವೇ ಆಗುತ್ತದೆ. ಐದನೆಯ ಹಂತದಲ್ಲಿ ಅದು ತಗ್ಗಿದಾಗ ಹುಳು ಗೂಡು ಕಟ್ಟುತ್ತದೆ. ರೈತರಿಗೆ ಹಾರ್ಮೋನಿನ ಕಲ್ಪನೆ ಇತ್ತೆಂದು ಇದರ ಅರ್ಥವಲ್ಲ. ಕಣ್ಣಿಗೆ ಕಂಡ ಫಲವನ್ನು ಆಧರಿಸಿ ಮರಳಿ ಹುಳುವಾಗುವುದನ್ನು ಜ್ವರವೆಂದೂ ಮರಳದ ತಿರುವನ್ನು ಹಣ್ಣೆಂದೂ ಅವರು ಕರೆದರು. ಎಣಿಕೆಯ ಅನುಕೂಲವೇ ಮುಖ್ಯವಾಗಿದ್ದರೆ ಐದು ಜ್ವರಗಳಾಗುತ್ತಿದ್ದವು.

ಈ ಪದಸಂಪತ್ತಿನ ನೆಲೆ ಈಗ ಸಡಿಲಗೊಂಡಿದೆ. ಮೊದಲ ಎರಡು ಜ್ವರಗಳು ಬಹುಮಟ್ಟಿಗೆ ಚಾಕಿ ಸಾಕಾಣಿಕಾ ಕೇಂದ್ರಗಳಲ್ಲೇ ಮುಗಿದು, ಎರಡನೆಯ ಜ್ವರದಿಂದ ಎದ್ದ ಹುಳು ರೈತನ ಮನೆ ಸೇರುತ್ತದೆ. ಹಣ್ಣಾಗುವ ಹೊತ್ತನ್ನೂ ಈಗ ಹೊರಗಿನಿಂದ ನಿಯಂತ್ರಿಸಬಹುದು. ಎಕ್ಡೈಸೋನಿನ ಬಳಗದ ರಸಗಳು ಸಸ್ಯಗಳಲ್ಲೂ ಇವೆಯೆಂದು 1966ರಲ್ಲಿ ನಕಾನಿಶಿ ತಂಡ ಕಂಡುಹಿಡಿದಿತ್ತು. ಅಂಥ ಸಸ್ಯಜನ್ಯ ಹಾರ್ಮೋನಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ‘ಸಂಪೂರ್ಣ’ ಎಂಬ ದ್ರಾವಣವನ್ನು ರೂಪಿಸಿತು. ಕೆಲವು ಹುಳುಗಳು ಹಣ್ಣಾದೊಡನೆ ಅದನ್ನು ನೀರಿನಲ್ಲಿ ಬೆರೆಸಿ ಸೊಪ್ಪಿಗೆ ಸಿಂಪಡಿಸಿದರೆ ಉಳಿದವೂ ಹೆಚ್ಚುಕಡಿಮೆ ಒಟ್ಟಿಗೆ ಹಣ್ಣಾಗುತ್ತವೆ. ಎರಡು ಮೂರು ದಿನ ಒಂದೊಂದಾಗಿ ಹುಳು ಆಯುವ ಶ್ರಮ ಉಳಿಯುತ್ತದೆ. ಕೂಲಿಯಾಳು ಸಿಗದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ, ಅದನ್ನು ಜಾನಪದದ ಹೆಸರಿನಲ್ಲಿ ಹಳಿಯುವುದು ಸಲ್ಲದು. ಆದರೆ ಸಾವಿರಾರು ಹುಳುಗಳ ನಡುವೆ ಹಣ್ಣಾದುದನ್ನು ಬೆಳಕಿಗೆ ಹಿಡಿದು, ಮೆದುವಾದ ಹಿಕ್ಕೆ ನೋಡಿ, ತಲೆಯೆತ್ತಿ ತಡಕಾಡುವ ಬಗೆಯಿಂದ ಗುರುತಿಸುತ್ತಿದ್ದ ಕಣ್ಣಿನ ಅಭ್ಯಾಸ ಬರಹಕ್ಕೆ ಇಳಿದದ್ದು ಕಡಿಮೆ. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಈ ಸೀಮೆಯಲ್ಲಿ, ಬಿದಿರಿನ ತಟ್ಟೆಗಳಲ್ಲಿ ಮೊಟ್ಟೆಯಿಂದ ಗೂಡಿನವರೆಗೆ ಹುಳು ಸಾಕಿದ ಹಿರಿಯ ಹೆಂಗಸರ ಬಾಯಿಂದಲೇ ಆ ಮಾತುಗಳನ್ನು, ಅವು ಸೂಚಿಸುವ ಲಕ್ಷಣಗಳೊಡನೆ, ತಾಲ್ಲೂಕುವಾರು ದಾಖಲಿಸುವ ಕೆಲಸ ಮೊದಲು ಆಗಬೇಕಾಗಿದೆ.