ಮೂಳೆಯ ಬ್ಲಡ್ ಟೆಸ್ಟ್‌ನಲ್ಲಿ ‘ಹೈ’ ಅಂತ ಬಂದರೆ ಏನರ್ಥ?

ಅಮ್ಮನ ಬ್ಲಡ್ ರಿಪೋರ್ಟಿನ ಪಿಡಿಎಫ್ ವಾಟ್ಸಾಪ್‌ಗೆ ಬರುತ್ತೆ. ‘ಬೀಟಾ ಕ್ರಾಸ್‌ಲ್ಯಾಪ್ಸ್’ ಅಥವಾ ‘ಸಿಟಿಎಕ್ಸ್’ ಅನ್ನೋ ಸಾಲಿನ ಮುಂದೆ ದಪ್ಪಕ್ಷರದಲ್ಲಿ ‘ಹೈ’. ಅಷ್ಟು ನೋಡಿದ್ದೇ ತಡ, ಮೂಳೆ ಸವೆದು ಹೋಗಿದೆ ಅನ್ನೋ ತೀರ್ಮಾನಕ್ಕೆ ಮನೆಯವರೆಲ್ಲ ಬಂದಿರುತ್ತಾರೆ. ಆ ಸಂಖ್ಯೆ ಮಾತ್ರ ಹಾಗೆ ಹೇಳ್ತಿಲ್ಲ.

ಇದು ಅಳೆಯೋದು ಏನನ್ನು?

ನಮ್ಮ ಮೂಳೆಯಲ್ಲಿ ರಿಪೇರಿ ಕೆಲಸ ನಿಲ್ಲೋದೇ ಇಲ್ಲ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಮೂಳೆ ಹೀಗೆ ಹೊಸದಾಗುತ್ತದೆ. ಕರಗುವಾಗ ಕೊಲಾಜೆನ್‌ನ ಒಂದು ತುಣುಕು ರಕ್ತಕ್ಕೆ ಸೇರುತ್ತೆ, ಅದೇ ಸಿಟಿಎಕ್ಸ್. ಕಟ್ಟುವಾಗ ಕಳಚಿಕೊಳ್ಳೋ ಇನ್ನೊಂದು ತುಣುಕು ಪಿ1ಎನ್‌ಪಿ. ಈ ಎರಡನ್ನೂ ಮುಖ್ಯ ಅಳತೆಗಳಾಗಿ ಬಳಸಿ ಎಂದು ಅಂತರರಾಷ್ಟ್ರೀಯ ತಜ್ಞ ಸಂಸ್ಥೆಗಳು 2011ರಲ್ಲಿ ಶಿಫಾರಸು ಮಾಡಿದವು.

ಮನೆಯ ಸಂಪ್ ನೆನಪಿಸಿಕೊಳ್ಳಿ. ಸಿಟಿಎಕ್ಸ್ ಅಂದರೆ ನೀರು ಖಾಲಿಯಾಗುವ ವೇಗ, ಪಿ1ಎನ್‌ಪಿ ಅಂದರೆ ತುಂಬುವ ವೇಗ. ಸಂಪ್‌ನಲ್ಲಿ ಈಗ ಎಷ್ಟು ನೀರಿದೆ ಅನ್ನೋದನ್ನು ಎರಡೂ ಹೇಳಲ್ಲ. ಅದಕ್ಕೆ ಡೆಕ್ಸಾ ಸ್ಕ್ಯಾನ್ ಬೇಕು. ಅದರಲ್ಲಿ ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಸ್ಟಿಯೋಪೊರೋಸಿಸ್ ಅಂತಾರೆ. ಬರೀ ಸಿಟಿಎಕ್ಸ್ ನೋಡಿ ಹಾಗನ್ನಲು ಆಗಲ್ಲ.

‘ಹೈ’ ನೋಡಿ ಹೆದರುವ ಮೊದಲು

ಸಮಯ: ಸಿಟಿಎಕ್ಸ್ ಬೆಳಗಿನ ಜಾವ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತೆ. ತಿಂಡಿ ತಿಂದರೂ ಇಳಿಯುತ್ತೆ. ಹಾಗಾಗಿ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲೇ ಸ್ಯಾಂಪಲ್ ಕೊಡಬೇಕು. ಪಿ1ಎನ್‌ಪಿಗೆ ಈ ತೊಂದರೆ ಕಡಿಮೆ.

ವಯಸ್ಸು: ಬೆಳೆಯುವ ಮಕ್ಕಳಲ್ಲಿ ಎರಡೂ ತುಂಬಾ ಹೆಚ್ಚಿರುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಏರುತ್ತವೆ. ರಿಪೋರ್ಟಿನಲ್ಲಿರೋ ‘ನಾರ್ಮಲ್ ರೇಂಜ್’ ಯಾರದ್ದು, ಮುಟ್ಟು ನಿಲ್ಲುವ ಮೊದಲಿನದ್ದಾ ಅಥವಾ ಆಮೇಲಿನದ್ದಾ ಅಂತ ನೋಡಿ.

ಬೇರೆ ಕಾರಣಗಳು: ಮೂಳೆ ಮುರಿದಿದ್ದರೆ ತಿಂಗಳುಗಟ್ಟಲೆ ಹೆಚ್ಚು ತೋರಿಸುತ್ತೆ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೂ ಸಿಟಿಎಕ್ಸ್ ಏರುತ್ತೆ. ಸ್ಟೀರಾಯ್ಡ್ ಮಾತ್ರೆ ಪಿ1ಎನ್‌ಪಿಯನ್ನು ಇಳಿಸುತ್ತೆ. ಕೂದಲು ಉದುರುತ್ತೆ ಅಂತ ತಗೊಳ್ಳೋ ಬಯೋಟಿನ್ ಮಾತ್ರೆಯಿಂದ ಕೆಲವು ಯಂತ್ರಗಳಲ್ಲಿ ಸಿಟಿಎಕ್ಸ್ ಸುಳ್ಳು ಸುಳ್ಳೇ ಕಡಿಮೆ ಬರಬಹುದು. ಲ್ಯಾಬ್‌ನವರಿಗೆ ಮೊದಲೇ ಹೇಳಿ.

ಯೂನಿಟ್: ಒಂದು ಲ್ಯಾಬ್ 450 ಪಿಕೋಗ್ರಾಂ ಅಂತ ಬರೆದರೆ ಇನ್ನೊಂದು 0.450 ನ್ಯಾನೋಗ್ರಾಂ ಅನ್ನುತ್ತೆ. ಎರಡೂ ಒಂದೇ. ವಿಧಾನಗಳು ಬೇರೆ ಇರುವುದರಿಂದ ಹೋಲಿಸಬೇಕಾದರೆ ಪ್ರತಿಸಲ ಅದೇ ಲ್ಯಾಬ್, ಅದೇ ಸಮಯ ಇರಲಿ.

ಹಾಗಾದರೆ ಉಪಯೋಗ ಏನು?

ಔಷಧಿ ಕೆಲಸ ಮಾಡ್ತಿದೆಯಾ ಅಂತ ಬೇಗ ತಿಳಿಯೋಕೆ. ಡೆಕ್ಸಾದಲ್ಲಿ ವ್ಯತ್ಯಾಸ ಕಾಣಲು ವರ್ಷ, ಎರಡು ವರ್ಷ ಬೇಕಾಗುತ್ತೆ. ಅಲೆಂಡ್ರೊನೇಟ್‌ನಂಥ ಮಾತ್ರೆ ಶುರು ಮಾಡಿದರೆ ಸಿಟಿಎಕ್ಸ್ ಸುಮಾರು ಮೂರು ತಿಂಗಳಲ್ಲೇ ಇಳಿಯುತ್ತೆ. ಟೆರಿಪ್ಯಾರಟೈಡ್ ಇಂಜೆಕ್ಷನ್‌ನಲ್ಲಿ ಪಿ1ಎನ್‌ಪಿ ಏರಬೇಕು. ಇಳಿಯಬೇಕಾದ್ದು ಇಳಿಯದಿದ್ದರೆ ಮೊದಲ ಪ್ರಶ್ನೆ: ಮಾತ್ರೆ ಸರಿಯಾಗಿ ತಗೊಳ್ತಿದ್ದಾರಾ? ಅಲೆಂಡ್ರೊನೇಟನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಿ, ಮಲಗದೆ, ಕನಿಷ್ಠ ಅರ್ಧ ಗಂಟೆ ಏನೂ ತಿನ್ನದೆ ಇರಬೇಕು. ಕಾಫಿ ಜೊತೆ ನುಂಗಿದರೆ ಮೈಗೆ ಹತ್ತಲ್ಲ.

ರಿಪೋರ್ಟ್ ಚೆನ್ನಾಗಿ ಬಂತು ಅಂತ ನೀವೇ ಔಷಧಿ ನಿಲ್ಲಿಸಬೇಡಿ. ಅದರಲ್ಲೂ ಡೆನೊಸುಮಾಬ್ ಇಂಜೆಕ್ಷನ್ ದಿಢೀರನೆ ಬಿಟ್ಟರೆ ಸಿಟಿಎಕ್ಸ್ ಮೊದಲಿಗಿಂತ ಮೇಲೇರುತ್ತೆ, ಬೆನ್ನುಮೂಳೆ ಮುರಿಯುವ ಅಪಾಯವೂ ಇದೆ.

ಕೊನೆಗೆ ದುಡ್ಡಿನ ವಿಷಯ. ಡೆಕ್ಸಾಗೆ ದೊಡ್ಡ ಊರಿಗೆ ಹೋಗಬೇಕು, ಬ್ಲಡ್ ಸ್ಯಾಂಪಲ್ ತಗೊಳ್ಳೋಕೆ ಮನೆಗೇ ಬರ್ತಾರೆ. ಸುಲಭವಾಗಿ ಸಿಗೋ ಟೆಸ್ಟ್‌ಗೆ, ಬೇಕಾದ ಟೆಸ್ಟ್‌ನ ಹೆಸರಲ್ಲಿ ದುಡ್ಡು ಕೊಡೋದು ಹೀಗೇ. ಪ್ಯಾಕೇಜಿನಲ್ಲಿ ‘ಮೂಳೆ ಆರೋಗ್ಯ’ ಅಂತ ಕಂಡರೆ ಒಂದೇ ಪ್ರಶ್ನೆ ಕೇಳಿ: ಈ ಸಂಖ್ಯೆ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ? ಉತ್ತರ ಇಲ್ಲದಿದ್ದರೆ ಆ ದುಡ್ಡನ್ನು ಡೆಕ್ಸಾಗೆ ಎತ್ತಿಡಿ.